ತಾರಸಿ ಹತ್ತಿದ ಕ್ಷೌರದ ಕುರ್ಚಿ

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಲೋಕ ಮುಳುಗುತ್ತದೆ ಎಂದು ಕೇಳಿದಾಗ ಕ್ಷೌರಿಕ ತಲೆ ಕೆಡಿಸಿಕೊಂಡಿರಲಿಲ್ಲ. ಮುಳುಗುವುದಕ್ಕೆ ತನ್ನ ಕುರ್ಚಿಯೇ ಬೇಕಂತೆ ಎಂದಾಗ ಮಾತ್ರ ಅವನ ಎದೆ ಧಸಕ್ಕೆಂದಿತು.

ಸುದ್ದಿ ಕೊಟ್ಟವರು ಅವನ ಹೆಂಡತಿಯ ದೊಡ್ಡಮ್ಮ. ಅವರ ಹಳೇ ರೇಡಿಯೋದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಬರುವ ಗೊರಗೊರ ಸದ್ದು ನಮಗೆಲ್ಲ ಬರೀ ಗೊರಗೊರ; ಅವರಿಗೆ ದೇವವಾಣಿ. ನೀರು ಐದು ಮಹಡಿ ಏರುತ್ತದೆ, ತಾರಸಿಯ ಮೇಲಿದ್ದವರನ್ನು ಮಾತ್ರ ದೋಣಿಯೊಂದು ಬಂದು ಒಯ್ಯುತ್ತದೆ ಎಂದು ಅದು ಹೇಳಿತ್ತಂತೆ. ಕಟ್ಟಡದ ನಲವತ್ತು ಜನ ನಂಬಿಯೂ ಬಿಟ್ಟರು. ಆದರೆ ಮಂಡಿನೋವಿನ ದೊಡ್ಡಮ್ಮ ದೋಣಿ ಬರುವವರೆಗೆ ನೆಲದ ಮೇಲೆ ಕೂರುವಂತಿರಲಿಲ್ಲ. ಮೆತ್ತಗಿನ, ಒರಗಲು ಬರುವ ಕುರ್ಚಿ ಇಡೀ ಕಟ್ಟಡದಲ್ಲಿ ಇದ್ದದ್ದು ಒಂದೇ, ನೆಲಮಹಡಿಯ ಕ್ಷೌರದಂಗಡಿಯಲ್ಲಿ.

ಹತ್ತೂವರೆಗೆ ಮೇಲ್ಮಹಡಿಯ ನಿವೃತ್ತ ಗುಮಾಸ್ತರು ಸ್ಪ್ಯಾನರ್ ಹಿಡಿದು ಆರು ಜನರೊಂದಿಗೆ ಬಂದಾಗ ಆ ಕುರ್ಚಿಯಲ್ಲಿ ಹಳೇ ಗಿರಾಕಿ ಮೇಷ್ಟ್ರು ಕೂತಿದ್ದರು. ಬಲಗೆನ್ನೆ ನುಣುಪಾಗಿತ್ತು, ಎಡಗೆನ್ನೆಯ ತುಂಬ ನೊರೆ.

"ಸ್ವಲ್ಪ ಏಳಿ ಮೇಷ್ಟ್ರೇ, ಬೋಲ್ಟ್ ಬಿಚ್ಚಬೇಕು."

"ಯಾರನ್ನ ಕೇಳಿ ಬಿಚ್ತೀರಾ?" ಕ್ಷೌರಿಕ ಕತ್ತಿ ಹಿಡಿದೇ ಕೂಗಿದ.

"ನಾನೇ ಹೇಳಿದ್ದು," ಬಾಗಿಲಲ್ಲಿ ಹೆಂಡತಿ. "ಲೋಕಾನೇ ಮುಳುಗೋವಾಗ ಕುರ್ಚಿ ಇಟ್ಕೊಂಡು ಏನ್ಮಾಡ್ತೀರ್ರೀ? ಮೀನಿಗೆ ಶೇವಿಂಗ್ ಮಾಡ್ತೀರಾ?"

"ಮುಳುಗ್ದೇ ಹೋದ್ರೆ?"

"ನಾವೇ ತಂದ್ಕೊಡ್ತೀವಿ," ಎಂದು ಗುಮಾಸ್ತರು ಮಾತು ಕೊಟ್ಟರು.

ಮೇಷ್ಟ್ರನ್ನು ಸ್ಟೂಲಿನ ಮೇಲೆ ಕೂರಿಸಿದ್ದಾಯಿತು. ಅವರ ಕುತ್ತಿಗೆಗೆ ಆಸರೆ ಇಲ್ಲದೆ ಹಿಂದಕ್ಕೆ ಬಾಗುವ ಅಭ್ಯಾಸವಿಲ್ಲ. ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ಅಯ್ಯಯ್ಯೋ ಎಂದರು.

"ನೋಡಯ್ಯಾ, ಹನ್ನೆರಡಕ್ಕೆ ಬೀಗರು ಬರ್ತಾರೆ. ಅಷ್ಟರಲ್ಲಿ ಕುರ್ಚಿ ಬಂದ್ರೆ ಸರಿ. ಇಲ್ದಿದ್ರೆ ಎದುರಂಗಡಿಗೆ ಹೋಗ್ತೀನಿ. ನಾನು ಹೋದ್ರೆ ನನ್ನ ವಾಕಿಂಗ್ ಗೆಳೆಯರೂ ಅಲ್ಲಿಗೇ ಬರ್ತಾರೆ. ಹನ್ನೊಂದು ಜನ!"

ಎದುರಂಗಡಿಯಲ್ಲಿ ಹೊಸ ಕುರ್ಚಿಗಳು ಮೂರು. ಹನ್ನೊಂದು ಗಡ್ಡ ಒಟ್ಟಿಗೆ ರಸ್ತೆ ದಾಟಿದರೆ ತನ್ನ ಅಂಗಡಿಗೆ ಬೀಗವೇ ಗತಿ ಎಂದು ಕ್ಷೌರಿಕ ಲೆಕ್ಕ ಹಾಕಿದ. ಅವನು ಐದು ಮಹಡಿ ಹತ್ತಿದ.

ತಾರಸಿಯ ಮೇಲೆ ನಲವತ್ತು ಜನ ಚಪ್ಪಲಿ ಬಿಚ್ಚಿ, ಪ್ಯಾಂಟು ಸೀರೆ ಎತ್ತಿ ಕಟ್ಟಿ ನಿಂತಿದ್ದರು. ನಡುವೆ ಅವನ ಕುರ್ಚಿಯಲ್ಲಿ ದೊಡ್ಡಮ್ಮ, ಮಡಿಲಲ್ಲಿ ರೇಡಿಯೋ. ಹನ್ನೊಂದು ಹತ್ತಾಯಿತು. ಹನ್ನೊಂದು ಕಾಲಾಯಿತು. ಹನ್ನೊಂದೂವರೆಯ ಹೊತ್ತಿಗೆ ಒಬ್ಬಾಕೆ ಒಲೆ ಆರಿಸಿದೆನೋ ಇಲ್ಲವೋ ಎಂದು ಗೊಣಗಿದಳು. ಗುಮಾಸ್ತರು ತಮ್ಮ ವಾಚನ್ನು ಕಿವಿಗಿಟ್ಟುಕೊಂಡು ನೋಡಿದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಮುಳುಗ್ಲಿಲ್ವಲ್ಲ, ಕುರ್ಚಿ ಕೊಡಿ," ಎಂದ ಕ್ಷೌರಿಕ. ಪಾಪ, ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಗಡಿಬಿಡಿಯಿತ್ತು. ಗುಮಾಸ್ತರು ತಲೆತಗ್ಗಿಸಿ ಒಂದು ಹೆಜ್ಜೆ ಮುಂದೆ ಇಟ್ಟದ್ದೂ ನಿಜ.

ಆಗಲೇ ತಲೆಯ ಮೇಲಿನ ಟ್ಯಾಂಕು ತುಂಬಿ ಧೋ ಎಂದು ಸುರಿಯತೊಡಗಿತು. ನೀರು ಎಲ್ಲರ ಪಾದ ತೋಯಿಸಿತು.

"ಬಂತು! ಬಂತು!" ನಲವತ್ತು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಕ್ಷೌರಿಕನಿಗೆ ರೇಗಿತು. ತಾರಸಿಯ ಬಾಗಿಲ ಪಕ್ಕದಲ್ಲಿದ್ದ ಮೋಟಾರಿನ ಸ್ವಿಚ್ಚನ್ನು ಟಪ್ಪನೆ ಆರಿಸಿದ. ನೀರು ನಿಂತಿತು.

ದೊಡ್ಡಮ್ಮ ಕಣ್ಣರಳಿಸಿ, "ಪ್ರಳಯಾನ ನಿಲ್ಲಿಸ್ಬಿಟ್ಯಲ್ಲೋ ಅಳಿಯಾ!" ಎಂದರು.

"ಅಯ್ಯೋ ದೊಡ್ಡಮ್ಮಾ, ಅದು ಟ್ಯಾಂಕಿನ ನೀರು! ಬೆಳಿಗ್ಗೆ ಇವಳೇ ಮೋಟಾರ್ ಹಾಕಿದ್ದು. ಕೇಳಿ ಬೇಕಾದ್ರೆ."

"ಹಾಕಿದ್ದು ನಾನೇ," ಹೆಂಡತಿಯ ಕಣ್ಣು ತುಂಬಿತ್ತು. "ಆದ್ರೆ ಆರಿಸಿದ್ದು ನೀವು! ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಹೇಳ್ದೇ ಒಂದಿನ ಆದ್ರೂ ಮೋಟಾರ್ ಆರಿಸಿದ್ದೀರಾ? ಇವತ್ತು ನಿಮ್ಮ ಕೈ ತಾನಾಗೇ ಹೋಯ್ತು. ಇದು ಪವಾಡ ಅಲ್ದೆ ಇನ್ನೇನ್ರೀ?"

ಕಟ್ಟಡದ ಹೆಂಗಸರೆಲ್ಲ ತಂತಮ್ಮ ಗಂಡಂದಿರನ್ನು ಒಮ್ಮೆ ನೋಡಿ ಹೌದೆಂದು ತಲೆಯಾಡಿಸಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ನಾನು ಇದನ್ನೆಲ್ಲ ನಂಬೋದೇ ಇಲ್ಲ!" ಕ್ಷೌರಿಕ ಕಿರುಚಿದ.

"ಅದಕ್ಕೇ ನೀರು ಹೆದರಿದ್ದು," ಎಂದರು ದೊಡ್ಡಮ್ಮ.

"ಹಾಗಾದ್ರೆ ನಂಬ್ತೀನಿ! ಕುರ್ಚಿ ಕೊಡಿ!"

ಹಾಹಾಕಾರವೆದ್ದಿತು. ಗುಮಾಸ್ತರು ಓಡಿಬಂದು ಅವನ ಬಾಯಿ ಮುಚ್ಚಿದರು. "ಬಿಡ್ತು ಅನ್ನಿ! ನೀವೂ ನಂಬಿಬಿಟ್ರೆ ನಾವೆಲ್ಲ ಮುಳುಗ್ತೀವಿ!"

ಕ್ಷೌರಿಕ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ದೊಡ್ಡಮ್ಮ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಇಳಿದರು.

"ತಗೋಪ್ಪಾ. ನಿನ್ನ ಕುರ್ಚಿ ನಿಂದೇ."

ಕ್ಷೌರಿಕನಿಗೆ ಹೋದ ಜೀವ ಬಂದಂತಾಯಿತು. ಗಂಟೆ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆರು ಜನ ಕುರ್ಚಿ ಎತ್ತಿದರು, ಬಾಗಿಲಿನತ್ತ ನಡೆದರು, ಬಾಗಿಲ ಪಕ್ಕದ ಸ್ವಿಚ್ಚಿನ ಕೆಳಗೆ ಇಳಿಸಿದರು. ಗುಮಾಸ್ತರು ಅದಕ್ಕೆ ಸರಪಳಿ ಸುತ್ತಿ ನೀರಿನ ಪೈಪಿಗೆ ಸೇರಿಸಿ ಬೀಗ ಜಡಿದರು. ಆಮೇಲೆ ನಾಲ್ಕು ಜನ ಬಹಳ ಗೌರವದಿಂದ ಕ್ಷೌರಿಕನ ರಟ್ಟೆ ಹಿಡಿದು ಅವನನ್ನು ಅದರಲ್ಲಿ ಕೂರಿಸಿದರು. ನಾಳೆ ಯಾವ ಹೊತ್ತಿಗೆ ನೀರು ಬರುತ್ತದೋ, ಯಾರಿಗೆ ಗೊತ್ತು?

ಅಲ್ಲಿಂದ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಎಡಗೆನ್ನೆಯ ನೊರೆ ಒಣಗಿದ ಮೇಷ್ಟ್ರು ಎಡಬಲ ನೋಡಿ ರಸ್ತೆ ದಾಟಿ ಎದುರಂಗಡಿಯ ಮೆಟ್ಟಿಲು ಹತ್ತಿದರು.

ಹೆಂಡತಿ ಹಿಂದಿನಿಂದ ಬಂದು ಕುರ್ಚಿಯ ಪೆಡಲನ್ನು ಎರಡು ಸಲ ತುಳಿದು ಅದನ್ನು ಎತ್ತರಿಸಿದಳು.

"ಆರಾಮಾಗಿ ಒರಗಿಕೊಳ್ರೀ," ಎಂದಳು. "ಬೆಳಿಗ್ಗೆಯಿಂದ ಕುರ್ಚಿ ಕುರ್ಚಿ ಅಂತ ಒದ್ದಾಡ್ತಿದ್ರಲ್ಲ."