ದಿಗ್ಗೇವಾಡಿಯ ಮೀನು ಬಾಯಿ ತೆರೆದಾಗ

ದನದ ಡಾಕ್ಟರಿಕಿ ಮಾಡಾವ್ರು ನಗಾಕ ಬ್ಯಾರೆ ಕಡೆ ಹೋಗೂದ ಬೇಕಾಗಂಗಿಲ್ಲ. ದನಾ ಸುಮ್ನ ನಿಂತ್ರೂ ಮಾಲಕರು ಬಿಡಂಗಿಲ್ಲ. ರಾಯಬಾಗ ತಾಲೂಕಿನ್ಯಾಗ ನನ್ನ ತಲಿ ಎಲ್ಲಾರಕಿಂತ ಹೆಚ್ಚು ತಿಂದಾವ್ರು ದಿಗ್ಗೇವಾಡಿಯ ಒಬ್ಬ ರೈತ ಕಾಕಾ, ಮತ್ತ ಅವರ ಹೇಣ್ತಿ ಕಾಕು. ಉಣ್ಣಾಕ ಕುಂತಾವ್ರು ಸಾಕು ಅಂದ್ರ ಮತ್ತೊಂದು ನೀಡೂ ಮನಿ ಅದು. ಅವರ ತಾಪತ್ರಯ ಎಲ್ಲಾ ಅಲ್ಲಿಂದನ ಚಾಲೂ.

ಎಮ್ಮಿ ಮತ್ತ ಸೂಜಿ

ಒಂದು ಚಳಿಗಾಲದಾಗ ಕಾಕಾ ಫೋನ್ ಮಾಡಿದ್ರು. "ಸಾಹೇಬ್ರ, ಎಮ್ಮಿ ಹಿಂಡಿ ಮೂಸಿ ಸುದ್ದಾ ನೋಡವಲ್ದು. ವಿಟಮಿನ್ ಸೂಜಿ ತಗೊಂಡ ಬರ್ರಿ."

ಹೋಗಿ ನೋಡಿದ್ರ, ಎಮ್ಮಿಗೆ ಥಂಡಿ ಹತ್ತಬಾರ್ದಂತ ಶೆಡ್ಡಿನ ಕಿಡಕಿಗೆಲ್ಲ ಗೋಣಿಚೀಲ ತುರುಕ್ಯಾರ. ಸೊಳ್ಳಿ ಓಡಸಾಕ ಒಳಗ ಕುಳ್ಳಿನ ಹೊಗಿ ಬ್ಯಾರೆ.

"ಕಾಕಾರ, ಉಸರಾಡಾಕ ಗಾಳಿನ ಇಲ್ಲಂದ್ರ ತಿಂದದ್ದು ಮೈಗೆ ಹೆಂಗ ಹತ್ತೀತ್ರಿ? ಗಾಳಿ ಇಲ್ಲದ ಒಲಿಯಾಗ ಕಟ್ಟಿಗಿ ತುರುಕಿದಂಗ. ವಿಟಮಿನ್, ಪ್ರೋಟೀನ್ ಎಲ್ಲಾ ದಂಡ" ಅಂತ ಭಾಷಣ ಹಚ್ಚಿದೆ. ಭಾಷಣ ಮುಗಿಯೂದ್ರಾಗ ಆ ಹೊಗಿಗೆ ನನಗ ಕಣ್ಣಿಗೆ ಕತ್ಲಿ ಬಂದು, ಎಮ್ಮಿ ಮೇವಿನ ಗ್ವಾದ್ಲಿ ಹಿಡಕೊಂಡು ಕುಂತಬಿಟ್ಟೆ.

ಚಾ ತಂದ ಕಾಕು ಎಮ್ಮಿ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. "ಸೂಜಿ ಮೊದ್ಲ ಯಾರಿಗ್ರಿ?" ಅಂದ್ರು.

ಮೀನಿನ ಡಾಕ್ಟರ್

ಮುಂದ ಕಾಕಾ ಹೊಲದಾಗಿನ ಕೃಷಿ ಹೊಂಡದಾಗ ಮೀನ ಬಿಟ್ರು. ಕಾಕುಗ ಮನಸ್ಸಿರಲಿಲ್ಲ. "ಮೀನ ಸತ್ವು ಅಂದ್ರ ಹೊಂಡಾ ಮುಚ್ಚಿಸಿ ಕಬ್ಬ ಹಚ್ಚಸ್ತೀನಿ" ಅಂತ ಖಡಕ್ಕಾಗಿ ಹೇಳಿದ್ರು. ಕಾಕಾಗ ಆ ಹೊಂಡದ ಮ್ಯಾಲ ಜೀವ. ದಂಡಿಗೆ ಕುಂತು ಮೀನಿನ ಜೋಡಿ ಮಾತಾಡಾವ್ರು. ಅವು ತಿರುಗಿ ಮಾತಾಡಂಗಿಲ್ಲ, ಅದ ದೊಡ್ಡ ಸುಖ ಅನ್ನಾವ್ರು.

ಬ್ಯಾಸಗಿ ಒಂದು ಮುಂಜಾನೆ ಮತ್ತ ಫೋನ್ ಬಂತು. "ಲಗೂ ಬರ್ರಿ."

"ನಾ ಮೀನಿನ ಡಾಕ್ಟರ್ ಅಲ್ರಿ ಕಾಕಾರ."

"ಕಾಲಿದ್ದವನ್ನ ನೋಡ್ತೀರಿ. ಇವಕ್ಕ ಕಾಲ ಇಲ್ಲ, ಒದಿತಾವಂತ ಅಂಜಿಕಿನೂ ಇಲ್ಲ."

ಹೋದೆ. ಮೀನೆಲ್ಲ ಮ್ಯಾಲ ಬಂದು ಬಾಯಿ ತಕ್ಕೊಂಡು ನಿಂತಿದ್ವು. ಸುತ್ತಲೂ ಶೇಂಗಾ ಹಿಂಡಿ, ತೌಡು, ಎಮ್ಮಿಗಂತ ತಂದಿಟ್ಟಿದ್ದ ವಿಟಮಿನ್ ಪುಡಿ ತೇಲಾಕತ್ತಿತ್ತು.

"ನಿನ್ನಿಯಿಂದ ಬೇಡಾಕತ್ತಾವ್ರಿ. ಬಾಯಿ ತಕ್ಕೊಂಡು ನಿಂತಾವ್ರಿಗೆ ಇಲ್ಲ ಅನ್ನೂದು ನಮ್ಮ ಮನಿತನದಾಗ ಇಲ್ಲ. ನೀಡಿದಷ್ಟೂ ಮತ್ತ ಬಾಯಿ ತಗಿತಾವು."

"ಅವು ಊಟಾ ಬೇಡಾಕತ್ತಿಲ್ರಿ, ಉಸರು ಬೇಡಾಕತ್ತಾವು. ನೀರಾಗ ಆಮ್ಲಜನಕ ಕಡಿಮಿ ಆಗೇತಿ. ಇಂಥಾದ್ರಾಗ ಹಿಂಡಿ ತಿಂದ್ರೂ ಅರಗಂಗಿಲ್ಲ. ಉಳದದ್ದು ಕೊಳತು, ಇದ್ದ ಉಸರನ್ನೂ ನುಂಗ್ತೈತಿ."

ಕಾಕಾನ ಮುಖಾ ಸಣ್ಣದಾತು. "ಅಂದ್ರ ನಾನ ಕೊಲ್ಲಾಕತ್ತೇನಿ?" ಅಂದ್ರು.

ಹಿಂಡಿ ಬಂದ್ ಮಾಡಿಸಿದೆ. ಬೋರಿನ ನೀರು ಎತ್ತರದಿಂದ ಹೊಂಡಕ್ಕ ಬೀಳಂಗ ಬಿಡ್ರಿ, ಗಾಳಿ ಕೂಡ್ತೈತಿ ಅಂದೆ. ಕರೆಂಟ್ ಇರಲಿಲ್ಲ. ಹೊಂಡಾ ಮುಚ್ಚಸ್ತೀನಿ ಅಂದಿದ್ದ ಕಾಕು ತಾವ ಸೀರಿ ಕಚ್ಚಿ ಹಾಕಿ, ಬಕೆಟ್ಟಿನಿಂದ ನೀರು ಎತ್ತೆತ್ತಿ ಸುರಿಯಾಕ ನಿಂತ್ರು. ಕರೆಂಟ್ ಬರೂತನಾ ಬಿಡಲಿಲ್ಲ.

"ಮೀನಿನ ಮ್ಯಾಲ ಪ್ರೀತಿ ಬಂತೇನ್ರಿ ಕಾಕು?"

"ಎಲ್ಲೀದ್ರಿ? ಇವು ಸತ್ರ ಈ ಮನಶಾ ದಿನಾ ನನ್ನ ಜೋಡಿ ಮಾತಾಡಾಕ ಬರ್ತಾನ."

ಹೂರಣದ ಹೋಳಿಗಿ

ಮೀನ ಉಳದ್ವು. ಆ ಖುಷಿಗೆ ನನಗ ಊಟಕ್ಕ ಕರದ್ರು. ಕಾಕು ಹೋಳಿಗಿ ನೀಡಾಕ ನಿಂತ್ರು. ಸಾಕು ಅಂದ್ರ ಒಂದು, ಬ್ಯಾಡ ಅಂದ್ರ ಇನ್ನೊಂದು, ಮ್ಯಾಲ ತುಪ್ಪ. ತಾಟಿಗೆ ಕೈ ಅಡ್ಡ ಹಿಡದ್ರ ಕೈಮ್ಯಾಲ. ಕಡೀಕ ಮಾತ ಹೊರಡವಲ್ದು. ಗ್ವಾಡಿಗೆ ಆತಕೊಂಡು, ಬಾಯಿ ತಕ್ಕೊಂಡು, ಮ್ಯಾಲ ನೋಡಕೋತ ಕುಂತೆ.

"ಬಾಯಿ ತಕ್ಕೊಂಡ ಕುಂತಾರ, ಪಾಪ" ಅಂತ ಕಾಕು ಮತ್ತೊಂದು ಹೋಳಿಗಿ ತಂದ್ರು.

ಕಾಕಾ ಓಡಿ ಬಂದು ಅವರ ಕೈ ಹಿಡದ್ರು. "ತಡಿ, ನೀಡಬ್ಯಾಡ. ಇದು ಹಸಿವಲ್ಲ, ಆಮ್ಲಜನಕ ಕಡಿಮಿ ಆಗೇತಿ. ಮೊದ್ಲ ಫ್ಯಾನ್ ಹಚ್ಚು."

ಕರೆಂಟ್ ಇರಲಿಲ್ಲ. ಕಾಕು ಹೋಳಿಗಿ ಕೆಳಗಿಟ್ಟು, ಸೀರಿ ಕಚ್ಚಿ ಹಾಕಿ, ಬಕೆಟ್ ತರಾಕ ಹೋದ್ರು.