ಬೆಲ್ ಬಾರಿಸದ ವಾರ್ಡು

ಭೋಸರಿಯ ಆ ಆಸ್ಪತ್ರೆಗೆ ಬೆಲ್ಲಿನ ಯಂತ್ರ ಬಂದದ್ದೇ ತಡ, ಶೈಲಶ್ರೀ ಸಿಸ್ಟರ್‌ಗೆ ಶನಿ ಹೆಗಲೇರಿದಂತಾಯಿತು. ರೋಗಿ ಬೆಲ್ ಒತ್ತಿದ ಎರಡು ನಿಮಿಷದಲ್ಲಿ ಸಿಸ್ಟರ್ ಹಾಸಿಗೆಯ ಬಳಿ ಇರಬೇಕು. ಇಲ್ಲವಾದರೆ ಯಂತ್ರ ಅವಳ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತಿತ್ತು. ಆ ತಿಂಗಳು ಆಗಲೇ ಒಂಬತ್ತು ಬಿದ್ದಿದ್ದವು.

"ಹತ್ತಾತಂದ್ರ ಮೆಮೊ ನೋಡ್ರಿ," ಎಂದು ಮ್ಯಾನೇಜರ್ ಮಾರ್ತಾಂಡ ಬೆಳಗ್ಗೆಯೇ ಎಚ್ಚರಿಸಿ ಹೋಗಿದ್ದರು.

ಅವತ್ತೇ ಪಾರವ್ವನ ಪಿತ್ತಕೋಶದ ಆಪರೇಷನ್. ಮಗಳಿಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ. ಬಾವಿಗೆ ಬಿದ್ದವರು ಹಗ್ಗ ಹಿಡಿದಂತೆ ಮುದುಕಿ ಶೈಲಶ್ರೀಯ ಕೈ ಹಿಡಿದಿದ್ದಳು.

"ಬಿಡಬ್ಯಾಡ ಯವ್ವಾ. ಕಣ್ಣು ಮುಚ್ಚಿದ್ರ ಮತ್ತ ತೆರೀತೀನೋ ಇಲ್ಲೋ!"

"ಎಲ್ಲಿಗೂ ಹೋಗಂಗಿಲ್ಲ, ಆಯಿ."

ಅಷ್ಟರಲ್ಲಿ ಮೂರನೇ ಹಾಸಿಗೆಯ ಬೆಲ್ ಕಿರುಚಿತು. ಹೋಟೆಲು ನಡೆಸುವ ಉಮಾವತಿಗೆ ದಿಂಬು ಸರಿಮಾಡಿಸಿಕೊಳ್ಳಬೇಕಿತ್ತು.

"ಅಗ ಬಾಯಿ, ಬೆಲ್ ನಕೋ! ಸಿಸ್ಟರಲಾ ತ್ರಾಸ ಹೋತೋ!" ಎಂದು ಮರಾಠಿಯಲ್ಲಿ ಬೆಲ್ ಬೇಡವೆನ್ನುತ್ತ ಎದುರು ಹಾಸಿಗೆಯ ರಾಧಾಬಾಯಿ ಪ್ಲಾಸ್ಟರಿನ ಕಾಲೆತ್ತಿಕೊಂಡು ಕುಂಟುತ್ತ ಬಂದು, ಬೆಲ್ ಆರಿಸಿ, ದಿಂಬಿಗೆರಡು ಗುದ್ದಿ, ಸಿಸ್ಟರಿಗೆ ಬೀಳುವ ಕೆಂಪು ಗುರುತಿನ ಸಂಗತಿ ಹೇಳಿದಳು.

"ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ!" ಎಂದ ಉಮಾವತಿ ಎದ್ದು ಕೂತು ವಾರ್ಡಿನ ಆಡಳಿತವನ್ನೇ ಕೈಗೆತ್ತಿಕೊಂಡಳು. ಇನ್ನು ಯಾರೂ ಬೆಲ್ ಮುಟ್ಟುವಂತಿಲ್ಲ. "ಎರಡು ಚಾ, ಒಂದು ಬಿಸಿನೀರು!" ಎಂದು ಅವಳು ಕೂಗುವುದು, ನಡೆಯಬಲ್ಲವರು ಒದಗಿಸುವುದು. ಅದೇ ಭರದಲ್ಲಿ ರಾಧಾಬಾಯಿ ಪಾರವ್ವನ ಬಾಯಿಗೂ ಚಹಾ ಹಿಡಿದಳು.

"ಅಯ್ಯ, ಬ್ಯಾಡ್ರಿ! ಆಪರೇಷನ್ ಆಗೂತನಕ ಉಪವಾಸ ಅದ!" ಶೈಲಶ್ರೀ ಕೂತಲ್ಲಿಂದಲೇ ಚೀರಿದಳು. ಆ ಚಹಾವನ್ನು ರಾಧಾಬಾಯಿ ತಾನೇ ಕುಡಿದು ಮುಗಿಸಿದಳು.

ಮೂರು ಗಂಟೆಗೆ ಪಾರವ್ವ ತನ್ನ ಎಮ್ಮೆಯ ತುಂಟತನ ಹೇಳಿಕೊಂಡು ನಗುತ್ತಲೇ ಥಿಯೇಟರಿಗೆ ಹೋದಳು. ಸಂಜೆ ಕ್ಷೇಮವಾಗಿ ಮರಳಿದಳು. ಹಿಂದೆಯೇ ಮಾರ್ತಾಂಡ ಕಾಗದ ಹಿಡಿದು ಬಂದರು.

"ಸಿಸ್ಟರ್, ಇವತ್ತು ಒಂದೂ ಕೆಂಪಿಲ್ಲ!"

ಶೈಲಶ್ರೀಯ ಮುಖ ಅರಳಿತು.

"ಕೆಂಪಷ್ಟ ಅಲ್ರಿ, ದಿನಾಪೂರ್ತಿ ಒಂದ ಬೆಲ್. ಅಂದ್ರ ಇಲ್ಲಿ ನಿಮಗ ಕೆಲಸಾನ ಇಲ್ಲ. ನಾಳಿಂದ ಮ್ಯಾಲಿನ ವಾರ್ಡೂ ನೀವ ನೋಡ್ಕೋರಿ."

ಉಮಾವತಿ ಕೈಯೆತ್ತಿ ಕೂಗಿದಳು. "ಕೆಲಸ ಇಲ್ಲವಂತೆ! ಒತ್ತಿ, ಎಲ್ಲರೂ ಒತ್ತಿ!"

ಹನ್ನೆರಡೂ ಹಾಸಿಗೆಗಳ ಬೆಲ್ಲುಗಳು ಒಟ್ಟಿಗೆ ಮೊಳಗಿದವು. ಅರೆ ಎಚ್ಚರದ ಪಾರವ್ವನೂ ಬಿಡಲಿಲ್ಲ. ಮಾರ್ತಾಂಡ ಕೈಗಡಿಯಾರ ನೋಡಿಕೊಂಡರು. ಶೈಲಶ್ರೀ ಸೆರಗಿಗೆ ಬೆಂಕಿ ಬಿದ್ದವಳಂತೆ ಓಡಿದಳು. ಎರಡು ನಿಮಿಷದಲ್ಲಿ ಅವಳು ಮುಟ್ಟಿದ್ದು ನಾಲ್ಕು ಹಾಸಿಗೆ.

ಉಳಿದ ಎಂಟೂ ಕೆಂಪಾದವು. ಮೆಮೊ ಕೈಗೆ ಬಂತು; ಮೇಲಿನ ವಾರ್ಡೂ ತಪ್ಪಲಿಲ್ಲ.