ಸಾನ್ನಕ್ಕೆ ಹೊಂದುವ ಬಿಯರ್ ಕಿಟ್ ಕೇಳಿದವನ ಅಹವಾಲು

ಮಾನ್ಯ ಶ್ರೀ ಫಿನ್‌ಬಾರ್ ಅವರೇ,

ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಸಾಮಾನು ಮಾರುವ ತಮ್ಮ ಅಂಗಡಿಯ ಏಳಿಗೆಯನ್ನೂ, ಆ ಅಂಗಡಿಯ ವೆಬ್‌ಸೈಟಿನ ಬಲಮೂಲೆಯಲ್ಲಿ ಹಗಲಿರುಳು ನಗುತ್ತ ಕೂತಿರುವ ತಮ್ಮ ಆರೋಗ್ಯವನ್ನೂ ಹಾರೈಸಿ, ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್‌ನ ಬಾಡಿಗೆ ಮನೆಯಿಂದ ಮೆಲ್ರಾಯ್ ಎಂಬ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಾವು ಮನುಷ್ಯರಲ್ಲ, ಗಿರಾಕಿಗೆ ತಕ್ಕ ಬಿಯರ್ ಕಿಟ್ ಆರಿಸಿಕೊಡುವ ಯಂತ್ರ ಎಂಬುದು ನನಗೆ ಗೊತ್ತಿದೆ. ಆದರೆ ತಮಗೆ ಈ ಊರನ್ನು ಕಾಯುವ ಸಂತರ ಹೆಸರಿಟ್ಟಿದ್ದಾರೆ. ಸಂತರ ಹೆಸರು ಹೊತ್ತವರ ಮೇಲೆ ದೂರು ಬರೆಯಲು ನಮ್ಮ ಕರಾವಳಿಯ ಕ್ರೈಸ್ತನಿಗೆ ಸ್ವಲ್ಪ ಅಳುಕು. ಯಾವ ಭಾಷೆಯಲ್ಲಾದರೂ ಮಾತಾಡಿಸಿ, ನನಗೆ ಅರ್ಥವಾಗುತ್ತದೆ ಎಂದು ತಾವೇ ಬರೆದುಕೊಂಡಿರುವುದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಸಂಕಟವೂ ಆಫೀಸಿನ ಇಮೇಲಿನಂತೆ ಕಾಣುತ್ತದೆ.

ವಿಷಯ ನನ್ನ ಅತ್ತೆಯವರದ್ದು. ಅವರ ಹೆಸರು ಸಿಸಿಲಿಯಾ, ಕುಂದಾಪುರದಲ್ಲಿ ಕನ್ನಡ ಟೀಚರ್ ಆಗಿದ್ದವರು. ಕಳೆದ ಮಳೆಗಾಲದಲ್ಲಿ ಮಾವ ಫೆಲಿಕ್ಸ್ ತೀರಿಕೊಂಡರು. ಆಮೇಲೆ ಅತ್ತೆ ಒಲೆಯ ಮುಂದೆ ನಿಂತದ್ದು ಗಂಜಿ ಬೇಯಿಸುವುದಕ್ಕೆ ಮಾತ್ರ, ಬಾಯಿ ತೆರೆದದ್ದು ಕೇಳಿದ್ದಕ್ಕೆ ಉತ್ತರ ಕೊಡುವುದಕ್ಕೆ ಮಾತ್ರ, ಮಾವನ ಹೆಸರನ್ನಂತೂ ಒಮ್ಮೆಯೂ ಎತ್ತಿದವರಲ್ಲ. ನನ್ನ ಹೆಂಡತಿ ರೆಶೆಲ್, ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ಅವರನ್ನು ಇಲ್ಲಿಗೆ ಕರೆತಂದಳು. ಈಸ್ಟರ್ ಹಬ್ಬಕ್ಕೆ ಅಮ್ಮ ತನ್ನ ಕೈಯಾರೆ ಸಾನ್ನ ಮಾಡಿದರೆ ಸಾಕು, ಅಮ್ಮ ನಮಗೆ ವಾಪಸ್ ಸಿಕ್ಕಿದ ಹಾಗೆ ಎಂದು ಅವಳು ನನ್ನ ಬಳಿ ಹೇಳಿದಳು. ಅವಳು ನನ್ನಲ್ಲಿ ಏನನ್ನಾದರೂ ಅತ್ತುಕೊಂಡು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಸಾನ್ನ ಎಂದರೇನೆಂದು ತಮ್ಮ ಜ್ಞಾನಭಂಡಾರದಲ್ಲಿ ಇರಲಾರದು, ಆದ್ದರಿಂದ ಅರಿಕೆ ಮಾಡುತ್ತೇನೆ. ಅದು ಇಡ್ಲಿಯ ದಾಯಾದಿ. ಅಕ್ಕಿ, ಒಂದಿಷ್ಟು ಉದ್ದು ರುಬ್ಬಿ, ಆ ಹಿಟ್ಟನ್ನು ತೆಂಗಿನ ಮರದಿಂದ ಆಗತಾನೇ ಇಳಿಸಿದ ಕಳ್ಳು ಹಾಕಿ ಉಬ್ಬಿಸಿ, ಪುಟ್ಟ ಬಟ್ಟಲುಗಳಲ್ಲಿ ಹಬೆಗಿಟ್ಟು ಬೇಯಿಸುವುದು. ಹಬ್ಬದ ದಿನ ಹಂದಿಮಾಂಸದ ಸಾರಿನ ಜೊತೆಗೆ ಅದಿಲ್ಲದಿದ್ದರೆ ನಮ್ಮವರಿಗೆ ಚರ್ಚಿನಲ್ಲಿ ಪೂಜೆ ಕೇಳಿದ ಪುಣ್ಯವೂ ಅರ್ಧವೇ. ಕಾರ್ಕಿನಲ್ಲಿ ಅಕ್ಕಿ ಸಿಗುತ್ತದೆ, ಉದ್ದು ಸಿಗುತ್ತದೆ, ಹಂದಿಯಂತೂ ನಮ್ಮೂರಿಗಿಂತ ಹೆಚ್ಚು ಗೌರವದಿಂದ ಸಿಗುತ್ತದೆ. ಕಳ್ಳು ಸಿಗುವುದಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್ ತಂದುಕೊಡಲೇ ಎಂದು ರೆಶೆಲ್ ಕೇಳಿದಾಗ ಅತ್ತೆ, "ಬನ್ ಮಾಡ್ಲಿಕ್ಕೆ ನಾನೇ ಬೇಕಾ? ಅಂಗಡಿಯಲ್ಲಿ ಉಂಟಲ್ಲ" ಎಂದು ಹೇಳಿ ಜಪಸರ ಹಿಡಿದುಕೊಂಡು ಕೋಣೆಗೆ ಹೋದರು. ಆ ಮಾತಿಗೆ ಮೇಲ್ಮನವಿ ಇರಲಿಲ್ಲ.

ಆಗ ನನ್ನ ತಲೆಗೆ ಹೊಳೆದವರು ತಾವು. ಕಳ್ಳೆಂದರೆ ನೊರೆಯೇಳುತ್ತ ಇನ್ನೂ ಹುದುಗುತ್ತಿರುವ ಪಾನೀಯ, ಮೂರು ದಿನದ ಬಿಯರೂ ಅದೇ, ಹಾಗಾದರೆ ಮನೆಯಲ್ಲೇ ಬಿಯರ್ ಹುದುಗಿಸಿ ಅರ್ಧದಲ್ಲಿ ತೆಗೆದು ಹಿಟ್ಟಿಗೆ ಹಾಕಿದರೆ ಆಯಿತಲ್ಲ ಎಂಬುದು ನನ್ನ ತರ್ಕ. ತಮ್ಮ ಅಂಗಡಿಯಲ್ಲಿ ಕಿಟ್ಟಿನ ಡಬ್ಬಗಳು ಒಂದೇ ಎರಡೇ! ಕಪ್ಪು, ಕೆಂಪು, ಹೊಂಬಣ್ಣ, ಜೇನು ಬೆರೆಸಿದ್ದು, ಹೊಗೆ ಹಿಡಿಸಿದ್ದು. ಹೆಣ್ಣು ನೋಡಲು ಹೋದವನಿಗೆ ಊರಿನ ಹೆಣ್ಣುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದಂತಾಗಿ ನಾನು ಬೆವರಿದೆ. ತಾವು ಮಾತ್ರ ಶಾಂತವಾಗಿ ಪ್ರಶ್ನೆ ಕೇಳಿದಿರಿ. ಕಹಿ ಇಷ್ಟವೋ ಸಿಹಿ ಇಷ್ಟವೋ ಎಂದಿರಿ. ಹುಳಿ ಎಂದೆ. ಎಷ್ಟು ವಾರ ಕಾಯಬಲ್ಲಿರಿ ಎಂದಿರಿ. ಮೂರು ದಿನ ಎಂದೆ. ಕುಡಿಯುವವರು ಎಷ್ಟು ಜನ ಎಂದಿರಿ. ಯಾರೂ ಇಲ್ಲ, ನಾನಂತೂ ತಪಸ್ಸು ಕಾಲ ಮುಗಿಯುವವರೆಗೆ ಕುಡಿಯುವುದಿಲ್ಲವೆಂದು ಅದು ಶುರುವಾದ ವಿಭೂತಿ ಬುಧವಾರದಂದೇ ಹರಕೆ ಹೊತ್ತಿದ್ದೇನೆ ಎಂದೆ. ಇಷ್ಟೆಲ್ಲ ಕೇಳಿಸಿಕೊಂಡೂ ಒಂದಿಷ್ಟೂ ವಿಚಲಿತರಾಗದೆ, ಅದ್ಭುತ ಆಯ್ಕೆ ಎಂದು ನನ್ನನ್ನು ಹೊಗಳಿ, ಸ್ಟೌಟ್ ಎಂಬ ಕಹಿ ಕಪ್ಪು ಬಿಯರಿನ ಡಬ್ಬವೊಂದನ್ನು ಶಿಫಾರಸು ಮಾಡಿದ ತಮ್ಮ ಸ್ಥಿತಪ್ರಜ್ಞೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ತಮ್ಮ ತಾಳ್ಮೆಯಲ್ಲಿ ಕಾಲುಭಾಗ ನನ್ನ ಮ್ಯಾನೇಜರಿಗೆ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮನೆ ಕೊಂಡಿರುತ್ತಿದ್ದೆ.

ತಮ್ಮ ಅಪ್ಪಣೆಯಂತೆ ಡಬ್ಬದಲ್ಲಿದ್ದ ಧಾನ್ಯದ ಪಾಕವನ್ನು ಡ್ರಮ್ಮಿನ ನೀರಿನಲ್ಲಿ ಕದಡಿ, ಯೀಸ್ಟ್ ಉದುರಿಸಿ, ಮಹಡಿಯ ಮೆಟ್ಟಿಲು ಮುಗಿಯುವಲ್ಲಿರುವ ಹಾಟ್ ಪ್ರೆಸ್‌ನಲ್ಲಿ ಇಟ್ಟೆ. ಬಿಸಿನೀರಿನ ಟ್ಯಾಂಕಿರುವ ಆ ಗೂಡಿನಲ್ಲಿ ಐರಿಷರು ಟವೆಲ್ ಬೆಚ್ಚಗಿಡುತ್ತಾರೆ, ನಮ್ಮವರು ಇಡ್ಲಿ ಹಿಟ್ಟು ಉಬ್ಬಿಸುತ್ತಾರೆ. ಇಡೀ ದೇಶದಲ್ಲಿ ಕರಾವಳಿಯ ಸೆಕೆ ಇರುವುದು ಅದೊಂದೇ ಜಾಗದಲ್ಲಿ. ಮೂರನೆಯ ದಿನ ನೊರೆ ತೆಗೆದು, ಅತ್ತೆಗೆ ಹೇಳದೆ ನಾನೂ ರೆಶೆಲೂ ಸೇರಿ ಹಿಟ್ಟು ರುಬ್ಬಿ, ಒಳಗಿನ ಬಿಯರ್ ಬೆರೆಸಿ ಉಬ್ಬಿಸಿ ಬೇಯಿಸಿದೆವು. ಹಬೆಪಾತ್ರೆಯ ಮುಚ್ಚಳ ತೆಗೆದಾಗ ಸಾನ್ನಗಳು ಒದ್ದೆ ಕಲ್ಲಿನ ಬಣ್ಣದಲ್ಲಿ ನಮ್ಮನ್ನು ನೋಡಿದವು. ಇಲ್ಲೇ ಹುಟ್ಟಿದ ಮಗಳು ಶೆರಿನ್, ಇದು ಕೋಲಿನಿಂದ ಹೊಡೆದು ಹರ್ಲಿಂಗ್ ಆಡುವ ಚೆಂಡಾ ಎಂದು ತನ್ನ ಕಾರ್ಕ್ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಬೇವಿನ ಕಷಾಯದಲ್ಲಿ ಬೇಯಿಸಿದ್ದರೂ ಅಷ್ಟು ಕಹಿಯಾಗುತ್ತಿರಲಿಲ್ಲ. ಅತ್ತೆ ಒಂದನ್ನು ಪೂರ್ತಿಯಾಗಿ ತಿಂದರು. ಪಾಪ, ಕಷ್ಟಪಟ್ಟಿದ್ದೀರಿ ಎಂದರು. ಮಾರನೆಯ ದಿನದಿಂದ ಗಂಜಿಯನ್ನೂ ಅರ್ಧಕ್ಕೆ ಬಿಟ್ಟು ಏಳತೊಡಗಿದರು. ನಾವು ಮಾವನ ಜಾಗವನ್ನು ಡಬ್ಬದಿಂದ ತುಂಬಲು ಹೊರಟವರಂತೆ ಅವರಿಗೆ ಕಂಡಿರಬೇಕು ಎಂದು ರೆಶೆಲ್ ಹೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು, ಶ್ರೀ ಫಿನ್‌ಬಾರ್. ಆ ನಾಚಿಕೆಯಲ್ಲಿ ತಮಗೂ ಪಾಲಿದೆ ಎಂಬ ನಂಬಿಕೆ ಇದ್ದದ್ದರಿಂದಲೇ ನಾನು ಬದುಕಿಕೊಂಡೆ.

ಆಫೀಸಿನಲ್ಲಿ ಪಕ್ಕದ ಮೇಜಿನ ಬೆಂಗಳೂರಿನ ಮಂಜೇಶನಿಗೆ ಹೇಳಿಕೊಂಡರೆ ಅವನು, "ಮಗಾ, ಲಾಗರ್ ತಗೋ, ಯಾವತ್ತೂ ಮೋಸ ಮಾಡಲ್ಲ, ಸಾನ್ನ ಆಗ್ಲಿಲ್ಲ ಅಂದ್ರೆ ನಾನು ಬರ್ತೀನಿ" ಎಂದ. ಅವನ ಉದಾರತೆಯ ಕಣ್ಣು ಉಳಿಯುವ ಬಿಯರಿನ ಮೇಲಿದೆ ಎಂದು ಅರ್ಥವಾಯಿತು. ಮತ್ತೆ ತಮ್ಮ ಪಾದಕ್ಕೇ ಬಂದು, ಕಹಿ ತೀರಾ ಕಡಿಮೆಯಿರುವ, ಬೇಗ ನೊರೆಯೇಳುವ ಕಿಟ್ ಯಾವುದೆಂದು ಕೇಳಿದೆ. ತಾವು ಮತ್ತೆ ಅದ್ಭುತ ಆಯ್ಕೆ ಎಂದು ಹೊಗಳಿ, ಮತ್ತೆ ಅದೇ ಸ್ಟೌಟ್ ತೋರಿಸಿದಿರಿ. ಗಂಡ ಸರಿಯಿಲ್ಲವೆಂದು ತವರಿಗೆ ಬಂದ ಮಗಳನ್ನು ಕಣ್ಣೊರೆಸಿ ಅದೇ ಗಂಡನ ಮನೆಗೆ ಬಿಟ್ಟುಬರುವ ಹಳೇ ಕಾಲದ ಅಪ್ಪಂದಿರ ನೆನಪಾಯಿತು. ಕೊನೆಗೆ ತಮ್ಮ ನೆರಳನ್ನು ಬಿಟ್ಟು, ಗಿರಾಕಿಗಳು ಬರೆದ ಅಭಿಪ್ರಾಯಗಳನ್ನು ಒಂದೊಂದಾಗಿ ಓದುತ್ತ ಕೂತೆ. ಗೋಧಿ ಬಿಯರಿನ ಡಬ್ಬವೊಂದರ ಕೆಳಗೆ ಸ್ಲೈಗೋದ ಮಹಾಶಯರೊಬ್ಬರು, ಇದು ಹುದುಗುವಾಗ ಮನೆಯೆಲ್ಲ ಹುಳಿ, ಲವಂಗ, ಕೊಳೆತ ಬಾಳೆಹಣ್ಣಿನ ವಾಸನೆ, ಹೆಂಡತಿ ಮಾತು ಬಿಟ್ಟಿದ್ದಾಳೆ ಎಂದು ಶಾಪ ಹಾಕಿ ಒಂದೇ ನಕ್ಷತ್ರ ಕೊಟ್ಟಿದ್ದರು. ಬಾಳೆಹಣ್ಣು, ಹುಳಿ, ಸ್ವಲ್ಪ ಲವಂಗ. ಬೆಳಗಿನ ಕಳ್ಳಿನ ಗಡಂಗಿನ ಮುಂದೆ ಹಾದುಹೋದವರಿಗೆ ಆ ಶಾಪ ಎಷ್ಟು ಹಿತವೆಂದು ಆ ಮಹಾಶಯರಿಗೇನು ಗೊತ್ತು? ಆ ಡಬ್ಬವನ್ನೇ ತರಿಸಿದೆ.

ಈಸ್ಟರಿನ ಹಿಂದಿನ ಪವಿತ್ರ ವಾರದ ಮಂಗಳವಾರ ಅದನ್ನು ಹಾಟ್ ಪ್ರೆಸ್‌ನಲ್ಲಿ ಇಟ್ಟೆ. ಮುಚ್ಚಳ ತೆಗೆಯಬೇಡಿ, ತಾಳ್ಮೆಯೇ ಒಳ್ಳೆಯ ಬಿಯರಿನ ಗುಟ್ಟು ಎಂದು ತಮ್ಮ ಸೂಚನಾಪತ್ರ ದಪ್ಪ ಅಕ್ಷರದಲ್ಲಿ ಎಚ್ಚರಿಸುತ್ತದೆ. ಆದರೆ ಕಹಿ ಇಳಿದಿದೆಯೇ ಎಂದು ನೋಡದೆ ಅತ್ತೆಯ ಮುಂದೆ ಇನ್ನೊಮ್ಮೆ ಇಡುವುದು ಹೇಗೆ? ಬರೀ ಪರೀಕ್ಷೆಯ ದೃಷ್ಟಿಯಿಂದ, ಡ್ರಮ್ಮಿನ ಕೆಳಗಿನ ನಲ್ಲಿ ತಿರುಗಿಸಿ, ಬೆಳಿಗ್ಗೆ ಒಂದು ಲೋಟ, ಆಫೀಸಿನಿಂದ ಬಂದ ಮೇಲೆ ಇನ್ನೊಂದು ಲೋಟ ನೋಡುತ್ತಿದ್ದೆ. ಪರೀಕ್ಷೆಯ ಫಲಿತಾಂಶದಲ್ಲಿ ಅನುಮಾನ ಉಳಿದರೆ ಮಗದೊಂದು. ಶುಭ ಶುಕ್ರವಾರ ಮಾತ್ರ ಮುಟ್ಟಲಿಲ್ಲ, ಅಷ್ಟು ಧರ್ಮಭೀರುತ್ವ ನನ್ನಲ್ಲಿ ಇದೆ. ಹರಕೆ ಮುರಿದದ್ದನ್ನು ಆಮೇಲೆ ಇಲ್ಲಿನ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿದೆ. ಅವರು ಮೂರು ಜಪ ವಿಧಿಸಿ, ಕೊನೆಗೆ ಯಾವ ಕಿಟ್ ಎಂದು ವಿಚಾರಿಸಿದರು.

ಶನಿವಾರ ಬೆಳಿಗ್ಗೆ ನಾನೂ ರೆಶೆಲೂ ಕೆಳಗೆ ಚಹಾ ಕುಡಿಯುತ್ತಿದ್ದಾಗ ಮಹಡಿಯಲ್ಲಿ ಹಾಟ್ ಪ್ರೆಸ್ಸಿನ ಬಾಗಿಲು ತೆರೆದ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಡ್ರಮ್ಮಿನ ಮುಂದೆ ನಿಂತಿದ್ದರು. ವಾಸನೆ ಅವರ ಕೋಣೆಯವರೆಗೆ ಹೋಗಿ ಕರೆತಂದಿತ್ತು. ಡ್ರಮ್ಮನ್ನು ಮುಟ್ಟುವ ಪ್ರತಿಯೊಂದನ್ನೂ ಕ್ರಿಮಿನಾಶಕದಲ್ಲಿ ತೊಳೆಯಬೇಕೆಂದು ತಮ್ಮ ಸೂಚನಾಪತ್ರದಲ್ಲಿದೆ. ಅತ್ತೆ ಡ್ರಮ್ಮಿಗೆ ಶಿಲುಬೆಯ ಗುರುತು ಹಾಕಿ ಮುಚ್ಚಳ ಎತ್ತಿದರು, ಇದು ನಿಯಮಕ್ಕೆ ಸಾಕಾಗುತ್ತದೆಯೇ ಎಂದು ದಯವಿಟ್ಟು ತಿಳಿಸತಕ್ಕದ್ದು. ಬಗ್ಗಿ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಆಮೇಲೆ ಡ್ರಮ್ಮಿನ ಒಳಬದಿಯಲ್ಲಿ, ನೊರೆ ಮೊದಲು ಎಲ್ಲಿಯವರೆಗೆ ಏರಿತ್ತೆಂದು ತೋರಿಸುತ್ತ ಅಂಟಿಕೊಂಡಿದ್ದ ಗುರುತನ್ನೂ, ಪಾನೀಯ ಈಗ ಎಲ್ಲಿದೆ ಎಂಬುದನ್ನೂ ನೋಡಿ, ನನ್ನತ್ತ ತಿರುಗಿದರು.

"ಫೆಲಿಕ್ಸ್ ತಂದ ಕಳ್ಳಿನ ಮಡಕೆ ಒಂದು ದಿನವೂ ಮನೆಗೆ ತುಂಬಿ ಬಂದದ್ದಿಲ್ಲ" ಎಂದರು. "ದಾರಿಯಲ್ಲಿ ಚೆಲ್ಲಿತು ಅಂತ ಹೇಳ್ತಿದ್ದರು. ನಿನಗೆ ಎಲ್ಲಿ ಚೆಲ್ಲಿತು ಮೆಲ್ರಾಯ್, ಮೆಟ್ಟಿಲಲ್ಲಾ?"

ನಾನು ಮೆಟ್ಟಿಲಲ್ಲೇ ಎಂದೆ. ಅತ್ತೆ ನಕ್ಕರು. ಮೊದಲು ಸದ್ದಿಲ್ಲದೆ, ಆಮೇಲೆ ಬಾಗಿಲು ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ನನ್ನ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ರೆಶೆಲ್ ಅಲ್ಲಿಯೇ ಕೂತುಬಿಟ್ಟಳು. ಮಾವ ತೀರಿಕೊಂಡ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅಂದೇ ಮೊದಲು. ಅನಂತರ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕಿ ನೆನೆ ಹಾಕಿದ್ದೀಯಾ ಎಂದು ಮಗಳನ್ನು ಗದರಿದರು. ಅವಳು ಹಿಂದಿನ ದಿನವೇ ಆಸೆಯಿಂದ ಹಾಕಿಟ್ಟಿದ್ದಳು. ಸೌಟಿನಿಂದ ತಮ್ಮ ಗೋಧಿ ಬಿಯರನ್ನು ಬೇಕಾದಷ್ಟು ಮೊಗೆದುಕೊಂಡ ಮೇಲೆ, ಹಿಟ್ಟಿನ ಪಾತ್ರೆಗೆ ಬೆಚ್ಚನೆಯ ಜಾಗ ಬೇಕೆಂದು ಡ್ರಮ್ಮನ್ನು ಹಾಟ್ ಪ್ರೆಸ್‌ನಿಂದ ಹೊರಗೆ ಹಾಕಿಸಿದರು. ಅದು ಹಿತ್ತಲಿನ ಶೆಡ್ಡಿನ ಚಳಿಯಲ್ಲಿ, ಮುಚ್ಚಳ ಸರಿಯಾಗಿ ಕೂರದೆ, ತನ್ನ ಹಣೆಬರಹ ನೆನೆಯುತ್ತ ಉಳಿಯಿತು.

ಈಸ್ಟರ್ ದಿನ ಸಾನ್ನ ಹೇಗಿತ್ತೆಂದು ತಮಗೆ ವಿವರಿಸಿ ಪ್ರಯೋಜನವಿಲ್ಲ, ತಮಗೆ ನಾಲಿಗೆ ಇಲ್ಲ. ಅತ್ತೆ ನಮ್ಮ ಜೊತೆ ಕೂತು ಉಂಡರು, ಮಾವ ಪ್ರತಿ ಹಬ್ಬಕ್ಕೂ ಹೇಳುತ್ತಿದ್ದ ಸುಳ್ಳುಗಳನ್ನು ಶೆರಿನಳಿಗೆ ಒಂದೊಂದಾಗಿ ಹೇಳಿಕೊಟ್ಟರು. ಬಾಗಿಲಲ್ಲಿ ಹಾಜರಾದ ಮಂಜೇಶ, ಸಾನ್ನ ಆಯಿತೆಂದು ತಿಳಿದು ಸ್ವಲ್ಪ ನಿರಾಶನಾದರೂ, ಎಂಟು ತಿಂದು ಸಮಾಧಾನ ಮಾಡಿಕೊಂಡ.

ಇಷ್ಟಾದ ಮೇಲೂ ದೂರೇಕೆ ಎಂದು ತಾವು ಕೇಳಬಹುದು. ನಲವತ್ತು ಗ್ಲಾಸು ಬಿಯರ್ ಎಂದು ಡಬ್ಬದ ಮೇಲೆ ಅಚ್ಚುಹಾಕಿಸಿದ್ದೀರಿ, ಗ್ಲಾಸಿನಲ್ಲಿ ಹಾಕಿ ಅತಿಥಿಗೆ ಕೊಡುವಂಥ ಬಿಯರ್ ನಮಗೆ ಒಂದೂ ಆಗಲಿಲ್ಲ. ಇದಕ್ಕೆ ಪರಿಹಾರವಾಗಿ ತಾವು ನಮ್ಮ ಮನೆಯ ಹಿಂದೆ ಮೂರು ತೆಂಗಿನ ಮರ ನೆಡಿಸಿ, ಅವು ಚಳಿಗೆ ನಡುಗದಂತೆ ಸ್ವೆಟರ್ ಹೊಲಿಸಿ, ಮರ ಹತ್ತಿ ಕಳ್ಳು ಇಳಿಸಲು ಮೂರ್ತೆದಾರರೊಬ್ಬರನ್ನು ವರ್ಕ್ ಪರ್ಮಿಟ್ ಸಮೇತ ನೇಮಿಸಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಾಗದಿದ್ದಲ್ಲಿ, ಕುಡಿಯುವವರು ಎಷ್ಟು ಜನ ಎಂದು ಕೇಳಿದ ಮೇಲೆ, ಈ ಡಬ್ಬ ಯಾರ ನೆನಪಿಗೆ ಎಂಬ ಇನ್ನೊಂದು ಪ್ರಶ್ನೆಯನ್ನಾದರೂ ಸೇರಿಸಬೇಕು, ಮತ್ತು ಆ ಪ್ರಶ್ನೆಗೆ ಉತ್ತರ ಬಂದಾಗ ಅದ್ಭುತ ಆಯ್ಕೆ ಎನ್ನದೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದು ಯಂತ್ರಕ್ಕೆ ಕಷ್ಟವಲ್ಲ, ಪ್ಲಗ್ ಎಳೆದರೆ ಸಾಕು.

ಮತ್ತೆ ಸ್ಟೌಟ್ ತೋರಿಸುವುದಿಲ್ಲ ಎಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ಮೆಲ್ರಾಯ್,
ಹಾಲಿಹಿಲ್, ಕಾರ್ಕ್

ತಾಜಾ ಕಲಂ: ಶೆಡ್ಡಿನಲ್ಲಿದ್ದ ಬಿಯರ್ ಈಗ ಒಳ್ಳೆಯ ವಿನೆಗರ್ ಆಗಿದೆ, ಹಂದಿಮಾಂಸಕ್ಕೆ ಇದಕ್ಕಿಂತ ಬೇರೆ ಬೇಡ ಎಂದು ಅತ್ತೆ ಎರಡು ಬಾಟಲಿ ತುಂಬಿಟ್ಟಿದ್ದಾರೆ, ತಾವು ಈ ಕಿಟ್ಟನ್ನು ಬಿಯರಿನ ಸಾಲಿನಿಂದ ತೆಗೆದು ಅಡುಗೆ ಸಾಮಾನಿನ ಸಾಲಿಗೆ ಸೇರಿಸಿದರೆ ಯಾರಿಗೂ ಮೋಸವಾಗದು. ಮುಂದಿನ ವಾರ ಅವರು ಊರಿಗೆ ಹೊರಟಿದ್ದಾರೆ, ಕ್ರಿಸ್ಮಸ್ಸಿಗೆ ಮತ್ತೆ ಬರುತ್ತಾರಂತೆ, ಅದೇ ಕಿಟ್ ತರಿಸಿಡು ಎಂದು ಈಗಲೇ ಹೇಳಿದ್ದಾರೆ. ಆ ಡಬ್ಬವನ್ನು ಮಾತ್ರ ತಾವು ಪೂರ್ತಿ ತುಂಬಿಸದೆ, ಎರಡು ಲೋಟದಷ್ಟು ಕಡಿಮೆ ಇರುವಂತೆ ನೋಡಿ ಕಳಿಸಬೇಕು. ತುಂಬಿದ್ದು ಮನೆಗೆ ಬಂದರೆ ಅತ್ತೆಗೆ ಅದು ಮಾವನಿದ್ದ ಮನೆಯದ್ದು ಅನ್ನಿಸುವುದಿಲ್ಲ.